ಜೂಲಿಯ ವಿಲೀನ ನೀತಿ

ಆಟಿ ತಿಂಗಳ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಬೆಳಿಗ್ಗೆ ನಮ್ಮ ಗೇಟಿನ ಬುಡದಲ್ಲಿ ಯಾರೋ ರಟ್ಟಿನ ಪೆಟ್ಟಿಗೆಯೊಂದನ್ನು ಇಟ್ಟು ಹೋಗಿದ್ದರು. ಒಳಗೆ ಇನ್ನೂ ಕಣ್ಣು ಬಿಡದ ಮೂರು ಬೆಕ್ಕಿನ ಮರಿಗಳು, ಪಕ್ಕದಲ್ಲಿ ದಕ್ಷಿಣೆಯಿಟ್ಟಂತೆ ಅರ್ಧ ಲೀಟರಿನ ಹಾಲಿನ ಪ್ಯಾಕೆಟ್. ದನದ ಹಾಲು ಅಷ್ಟು ಎಳೆಯ ಮರಿಗಳಿಗೆ ಒಗ್ಗದೆ ಭೇದಿ ಹತ್ತಿಸುತ್ತದೆಂದು ತಿಳಿಯದ ಈ ಪುಣ್ಯಾತ್ಮರಿಗೆ ಅಂಬಲಪಾಡಿಯಲ್ಲಿರುವ ನಮ್ಮ ಮನೆ ಮಾತ್ರ ಚೆನ್ನಾಗಿ ತಿಳಿದಿದೆ. ಮೊದಲೆಲ್ಲ ಮೀನು ಮಾರ್ಕೆಟಿನ ಹಿಂದೆ ಬಿಟ್ಟು ಬರುತ್ತಿದ್ದವರು, ನಮ್ಮ ಜೂಲಿ ಅನಾಥ ಮರಿಗಳನ್ನು ಸಾಕುತ್ತಾಳೆಂಬ ಸುದ್ದಿ ಹಬ್ಬಿದ ಮೇಲೆ ಪಾಪದ ಮೂಟೆಯನ್ನು ಇಲ್ಲಿಯೇ ಇಳಿಸತೊಡಗಿದ್ದಾರೆ. ‘ಇಲ್ಲಿ ಮರಿಗಳನ್ನು ಬಿಡಬಾರದು’ ಎಂದು ಬೋರ್ಡು ಬರೆಸಿ ತೂಗುಹಾಕಿದೆ. ಅದರಿಂದ ಮನೆ ಹುಡುಕುವವರಿಗೆ ಅನುಕೂಲವಾಯಿತು.

ಜೂಲಿ ಹೆಸರಿನಲ್ಲಷ್ಟೇ ವಿದೇಶಿ. ಜಾತಿಯಲ್ಲಿ ಅಪ್ಪಟ ಕಾಟು ನಾಯಿ. ಪೆಟ್ಟಿಗೆಯನ್ನು ಜಗಲಿಗೆ ತಂದಿಟ್ಟರೆ ಸಾಕು, ಮರಿಗಳನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿಬಿಡುತ್ತಾಳೆ. ಆ ಪ್ರಾಯದಲ್ಲಿ ಅವಕ್ಕೆ ಮೈಯ ಬಿಸಿ ಉಳಿಸಿಕೊಳ್ಳಲು ಬರುವುದಿಲ್ಲ. ಯಾರಾದರೂ ನೆಕ್ಕದಿದ್ದರೆ ಮೂತ್ರವೂ ಹೋಗುವುದಿಲ್ಲ. ಒದ್ದೆ ಹತ್ತಿ ಹಿಡಿದು ನಾನು ಹೆಣಗುವ ಆ ಕೆಲಸವನ್ನು ಅವಳು ನಾಲಿಗೆಯಲ್ಲಿ ಕ್ಷಣಾರ್ಧದಲ್ಲಿ ಮುಗಿಸುತ್ತಾಳೆ. ನಡುರಾತ್ರಿ ಎದ್ದು ಹಾಲಿನ ಪುಡಿ ಕದಡಿ ಸಿರಿಂಜಿನಲ್ಲಿ ಕುಡಿಸುವುದು ನನ್ನ ಪಾಲು. ಊರಿನ ಹೊಗಳಿಕೆಯೆಲ್ಲ ಅವಳ ಪಾಲು.

ಬೆದೆಯ ನಂತರ ಬಸಿರಾಗದ ಹೆಣ್ಣುನಾಯಿಗೂ ಪ್ರೊಲ್ಯಾಕ್ಟಿನ್ ಎಂಬ ಹಾಲೂಡಿಸುವ ಹಾರ್ಮೋನು ಏರಿ ಹುಸಿ ಬಸಿರು ಕಾಣಿಸಿಕೊಳ್ಳುವುದುಂಟು, ಆಗ ಅದು ಚಪ್ಪಲಿಯನ್ನೂ ಮರಿಯೆಂದು ಕಾಯಬಹುದು ಎಂದು ಪಶುವೈದ್ಯರು ವಿವರಿಸಿದರು. ಆದರೆ ಜೂಲಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿ ಎಷ್ಟೋ ಕಾಲವಾಗಿದೆ. ಹಾಗಿದ್ದರೆ ಈ ತಾಯ್ತನ ಎಲ್ಲಿಂದ ಬಂತೆಂದು ಹೇಳುವುದಕ್ಕಾಗಿಯೇ ನಾನು ಬರೆಯಲು ಕುಳಿತದ್ದು. ಅದಕ್ಕೆ ಮೊದಲು ಮ್ಯಾನೇಜರರ ವಿಷಯವನ್ನು ಹೇಳಿಬಿಡಬೇಕು.

ನಮ್ಮ ನೆರೆಯ ಈ ನಿವೃತ್ತ ಬ್ಯಾಂಕ್ ಮ್ಯಾನೇಜರರು ಸಂಜೆಯಾದರೆ ಬಂದು, ನನ್ನ ಕುರ್ಚಿಯಲ್ಲಿ ಕುಳಿತು, ನನ್ನೊಡನೆ ಮಾತಾಡದೆ ಜೂಲಿಯೊಡನೆ ಮಾತಾಡುತ್ತಾರೆ. ಅವರ ದುಃಖ ಒಂದೇ. 1906ರಲ್ಲಿ ಇದೇ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಉಡುಪಿಯದೇ ಆದ ಸಿಂಡಿಕೇಟ್ ಬ್ಯಾಂಕ್ ಅದೇ ದಿನ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಮಂಗಳೂರಿನ ವಿಜಯಾ ಬ್ಯಾಂಕ್ ಅದಕ್ಕೂ ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾದ ಪಾಲಾಗಿತ್ತು. ‘ಮೂರು ಹೋದವು ಮಾರಾಯ್ತಿ’ ಎಂದು ಅವರು ಹೇಳುವಾಗ ಜೂಲಿ ಮರಿಗಳನ್ನು ಬಿಟ್ಟೆದ್ದು ಬಂದು ಅವರ ಮೊಣಕಾಲಿನ ಮೇಲೆ ಗದ್ದವೂರುತ್ತಾಳೆ. ಈ ಸಾಂತ್ವನ ಸಭೆ ದೀಪ ಹಚ್ಚುವವರೆಗೂ ನಡೆಯುತ್ತದೆ, ಅಷ್ಟರಲ್ಲಿ ಎರಡು ಲೋಟ ಚಹಾ ನಮ್ಮ ಮನೆಯಿಂದಲೇ ಪೂರೈಕೆಯಾಗುತ್ತದೆ. ಹೊರಡುವಾಗ ಅವರ ಮುಖದಲ್ಲಿ ಗೆಲುವಿರುತ್ತದೆ, ನನ್ನ ಮುಖದಲ್ಲಿ ಇರುವುದಿಲ್ಲ.

2012ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ 18 ನಾಯಿಗಳ ಮುಂದೆ ಒಮ್ಮೆ ಒಡೆಯನೂ ಒಮ್ಮೆ ಅಪರಿಚಿತನೂ ಅಳುವಂತೆ ನಟಿಸಿದಾಗ, ಹೆಚ್ಚಿನವು ಅಳುತ್ತಿದ್ದವರು ಯಾರೆಂದು ನೋಡದೆ ಅವರ ಬಳಿಗೇ ಹೋದವಂತೆ. ಇರಬಹುದು. ವಿದ್ಯುತ್ ಬಿಲ್ಲು ಹಿಡಿದು ನಾನು ನಿಟ್ಟುಸಿರು ಬಿಟ್ಟಾಗ ಮಾತ್ರ ಜೂಲಿ ನನ್ನ ಮುಖವನ್ನು ಬಿಟ್ಟು ಕೈಯನ್ನು ನೋಡುತ್ತಾಳೆ, ಬಿಸ್ಕತ್ತು ಇದೆಯೇ ಎಂದು.

ಮರಿಗಳು ಕಣ್ಣು ಬಿಟ್ಟ ವಾರದಲ್ಲಿ ಮ್ಯಾನೇಜರರು, ಯಾರೂ ಕೇಳದಿದ್ದರೂ, ಅವಕ್ಕೆ ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಎಂದು ಹೆಸರಿಟ್ಟರು. ಈಗ ಯಾರಾದರೂ ಒಂದು ಮರಿಯನ್ನು ಕೇಳಿಕೊಂಡು ಬಂದರೆ, ನಾನು ಬಾಯಿ ತೆರೆಯುವ ಮೊದಲೇ ಅವರು ಕುರ್ಚಿಯಿಂದೆದ್ದು, ಕೊಟ್ಟರೆ ಮೂರನ್ನೂ ಒಟ್ಟಿಗೇ ಕೊಡುವುದು, ಬಿಡಿಬಿಡಿಯಾಗಿ ಕೊಡುವ ಪದ್ಧತಿ ಇಲ್ಲಿಲ್ಲ ಎಂದು ಸ್ಪಷ್ಟಪಡಿಸುತ್ತಾರೆ. ಬಂದವರು ಜೂಲಿಯ ತಲೆ ಸವರಿ, ಚಹಾ ಕುಡಿದು, ಬರಿಗೈಯಲ್ಲಿ ಹೋಗುತ್ತಾರೆ. ಹಾಲಿನ ಪುಡಿಯ ಡಬ್ಬ ಮತ್ತೆ ಖಾಲಿಯಾಗಿದೆ.