ಸತ್ಯಾಂಶ: ಪಾಸ್‌ವರ್ಡ್ ಕೊಟ್ರೇನೇ ನಿಜವಾದ ಪ್ರೀತೀನಾ?

ಪ್ರೀತಿಸೋರು ಫೋನ್ ಪಾಸ್‌ವರ್ಡ್ ಮುಚ್ಚಿಡಲ್ಲ, ಹೊಟ್ಟೆಕಿಚ್ಚು ಜಾಸ್ತಿ ಇದ್ದಷ್ಟೂ ಪ್ರೀತಿ ಜಾಸ್ತಿ, ಇದು ಸೈಕಾಲಜಿ ಅಂತ ಒಂದು ಮೆಸೇಜು ಶಿವಮೊಗ್ಗದ ಕಾಲೇಜ್ ಗ್ರೂಪ್‌ಗಳಲ್ಲಿ ಸುತ್ತುತ್ತಾನೇ ಇರುತ್ತೆ. ಇದು ತಪ್ಪು. ಹೊಟ್ಟೆಕಿಚ್ಚು ಯಾರಿಗಾದ್ರೂ ಬರುತ್ತೆ, ಆದ್ರೆ ಅದರಲ್ಲಿ ಪ್ರೀತಿ ಅಳೆಯೋಕಾಗಲ್ಲ, ಎಷ್ಟೋ ಸಲ ಅದು ಬರೀ ಭಯ.

ಆಗುಂಬೆ ಕಡೆ ಬಸ್ಸಲ್ಲಿ ಹೋಗ್ತಾ ನೆಟ್‌ವರ್ಕ್ ಹೋಗುತ್ತಲ್ಲ, ಇಳಿದ್ಮೇಲೆ "ತಲುಪಿದ್ಯಾ, ಮಳೆ ಜೋರಿದ್ಯಾ" ಅಂತ ಒಂದು ಮೆಸೇಜ್ ಬಂದಿದ್ರೆ ಅದು ಕಾಳಜಿ, ಮೂವತ್ತು ಮಿಸ್ಡ್ ಕಾಲ್ ನೋಡಿ ಈಗ ಏನ್ ಉತ್ತರ ಕೊಡ್ಲಿ ಅಂತ ಕೈ ನಡುಗಿದ್ರೆ ಅದು ಹಿಡಿತ. ಫೋನ್ ಕದ್ದು ನೋಡೋದು ಸಣ್ಣ ವಿಷಯಾನೂ ಅಲ್ಲ, ಹುಡುಗಿ ಇಂಟರ್ನೆಟ್ಟಲ್ಲಿ ಏನ್ ಮಾಡ್ತಾಳೆ ಅಂತ ಗಂಡಸು ಕಣ್ಣಿಡೋದು ಭಾರತೀಯ ನ್ಯಾಯ ಸಂಹಿತೆ 78ನೇ ಸೆಕ್ಷನ್ ಪ್ರಕಾರ ಅಪರಾಧ, ಇಂಡಿಯಾ ಕೋಡ್ ವೆಬ್‌ಸೈಟಲ್ಲಿ ನೀವೇ ಓದ್ಬೋದು.

ಇಂಥ ಮೆಸೇಜ್ ಬಂದ್ರೆ ಯಾವ ಅಧ್ಯಯನ, ಯಾವ ವರ್ಷ, ಯಾರು ಮಾಡಿದ್ದು ಅಂತ ನೋಡಿ. ಇಲ್ಲಾಂದ್ರೆ ಅದೇ ಸಾಲನ್ನ ಗೂಗಲ್‌ನಲ್ಲಿ ಹಾಕಿ ಹುಡುಕಿ, ಮೂಲ ಎಲ್ಲೂ ಸಿಗದೆ ಬರೀ ಫಾರ್ವರ್ಡ್‌ಗಳೇ ಸಿಕ್ಕಿದ್ರೆ ನಂಬ್ಬೇಡಿ. ಕಳಿಸಿದ ಫ್ರೆಂಡ್ ಮೇಲೆ ಸಿಟ್ಟಾಗ್ಬೇಡಿ, ಅವರೂ ಒಳ್ಳೇದು ಅಂತಾನೇ ಕಳಿಸಿರ್ತಾರೆ. ಭಯ ಇದ್ರೆ ಮಹಿಳಾ ಸಹಾಯವಾಣಿ 181, ಮನಸ್ಸಿಗೆ ತಳಮಳ ಇದ್ರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ಬೋದು.