ಬಡಿಸೋರಿಗೆ ಇದೊಂದು ಕಲಿಸ್ರಿ

ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿಂದ ರೊಟ್ಟಿ ಬರ್ತಾವ, ಲಕ್ಷಗಟ್ಟಲೆ ಜನ ಉಂಡು ಹೋಗ್ತಾರ. ನಮ್ಮ ಮದುವೆ, ಮಠಗಳ ಪಂಗ್ತಿಯೂ ಸಣ್ಣವಲ್ಲ. ಖಡಕ್ ರೊಟ್ಟಿ, ಬಿಸಿ ಮಿರ್ಚಿ, ಹಲ್ಲಿಲ್ಲದ ಮುದುಕರು, ಓಡಾಡುತ್ತ ತಿನ್ನೋ ಹುಡುಗರು. ಇಲ್ಲಿ ಬಡಿಸೋ ಪ್ರತಿಯೊಬ್ಬರಿಗೂ ಗಂಟಲಿಗೆ ತುತ್ತು ಸಿಕ್ಕವರನ್ನು ಉಳಿಸೋದು ಕಲಿಸಲೇಬೇಕು. ಉಣ್ಣೋರ ಕಣ್ಣು ಎಲೆಯ ಮೇಲಿರುತ್ತೆ, ಬಡಿಸೋರ ಕಣ್ಣು ಉಣ್ಣೋರ ಮೇಲೆ. ಉಸಿರು ನಿಂತು 4 ನಿಮಿಷ ದಾಟಿತೆಂದರೆ ಮೆದುಳಿಗೆ ಪೆಟ್ಟು ಬೀಳೋಕೆ ಶುರು. 108 ಎಷ್ಟೇ ಬೇಗ ಬಂದರೂ ಅಷ್ಟರೊಳಗೆ ಬರೋದು ಕಷ್ಟ.

ನಾವು ಮಾಡೋದೇನು? ‘ಯಾರೋ ನೆನಸ್ಯಾರ’ ಅಂತ ನೆತ್ತಿ ತಟ್ತೀವಿ, ಚೊಂಬು ನೀರು ಬಾಯಿಗೆ ಹಿಡೀತೀವಿ. ಜೋರಾಗಿ ಕೆಮ್ಮೋರಿಗೆ ಎರಡೂ ಬೇಡ. ‘ಇನ್ನೂ ಕೆಮ್ಮು’ ಅಂತ ಹೇಳಿ ಪಕ್ಕದಲ್ಲಿ ನಿಂತಿರಿ, ಕೆಮ್ಮೇ ತುತ್ತನ್ನು ಹೊರಗೆ ದಬ್ಬುತ್ತೆ. ನಿಜವಾಗಿ ಸಾಯೋ ಹಾದಿಯಲ್ಲಿರೋರು ಸದ್ದು ಮಾಡೋದಿಲ್ಲ. ಮಾತು ಹೊರಡಲ್ಲ, ಕೆಮ್ಮು ಬರಲ್ಲ, ಕೈ ಗಂಟಲಿಗೆ ಹೋಗಿರುತ್ತೆ, ತುಟಿ ನೀಲಿಗಟ್ಟುತ್ತೆ. ಇಂಥವರಿಗೆ ನೀರು ಕುಡಿಸಲೇಬಾರದು. ಬಾಯಲ್ಲಿ ಬೆರಳಾಡಿಸಿ ಕಾಣದ ತುತ್ತು ಹುಡುಕಲೂಬಾರದು, ಅದು ಇನ್ನೂ ಒಳಕ್ಕೆ ಇಳಿಯುತ್ತೆ.

ಒಂದು ಕೈ ಎದೆಗೆ ಆಸರೆ ಕೊಟ್ಟು ಮುಂದಕ್ಕೆ ಬಾಗಿಸಿ, ಬೆನ್ನಿನ ಎರಡೂ ರೆಕ್ಕೆ ಎಲುಬಿನ ನಡುವೆ ಅಂಗೈ ಬುಡದಿಂದ 5 ಗುದ್ದು ಕೊಡಿ. ಬೀಳಲಿಲ್ಲವೆ? ಹಿಂದೆ ನಿಂತು, ಹೊಕ್ಕಳ ಮೇಲೆ, ಎದೆಗೂಡಿನ ಕೆಳಗೆ ಮುಷ್ಟಿ ಇಟ್ಟು, ಇನ್ನೊಂದು ಕೈಯಿಂದ ಹಿಡಿದು, ಒಳಕ್ಕೂ ಮೇಲಕ್ಕೂ 5 ಸಲ ಜಗ್ಗಿ. ತುತ್ತು ಬರೋ ತನಕ ಇವೆರಡೇ, ಒಂದಾದ ಮೇಲೊಂದು. ಹೊಟ್ಟೆ ಒತ್ತೋ ಈ ಉಪಾಯವನ್ನು 1974ರಲ್ಲಿ ಜಗತ್ತಿಗೆ ಹೇಳಿದವರು ಅಮೆರಿಕದ ಸರ್ಜನ್ ಹೆನ್ರಿ ಹೈಮ್ಲಿಕ್. ಶ್ವಾಸಕೋಶದಲ್ಲಿ ಉಳಿದ ಗಾಳಿಯೇ ತುತ್ತನ್ನು ಎತ್ತಿ ಹಾಕುತ್ತೆ. ಬಸುರಿಯರಿಗೆ ಮಾತ್ರ ಹೊಟ್ಟೆ ಬಿಟ್ಟು ಎದೆಯ ನಡುವೆ ಒತ್ತಬೇಕು. ವರ್ಷ ತುಂಬದ ಕೂಸಿಗೂ ಹೊಟ್ಟೆ ಒತ್ತಬಾರದು: ತೋಳಿನ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಬೆನ್ನಿಗೆ 5 ಪೆಟ್ಟು, ಆಮೇಲೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತು.

ಇನ್ನೊಂದು ಮಾತು ನೇರವಾಗಿ ಹೇಳ್ತೀನಿ. ಪರಿಚಯವಿಲ್ಲದ ಹೆಣ್ಣುಮಗಳನ್ನು ಹಿಂದಿನಿಂದ ಬಳಸಿ ಹಿಡಿಯೋಕೆ ನಮ್ಮ ಗಂಡಸರು ಹಿಂಜರಿತಾರೆ. ಆ ಹಿಂಜರಿಕೆಯಲ್ಲೇ ಜೀವ ಹೋದೀತು. ಅದಕ್ಕೇ ರೊಟ್ಟಿ ಬಡಿಯೋ, ಬಡಿಸೋ ಅಕ್ಕಂದಿರಿಗೆ ಮೊದಲು ಕಲಿಸ್ರಿ.

ಜಾತ್ರೆ, ಲಗ್ನದ ಕಾಲಕ್ಕೆ ಮುಂಚೆ ಸರ್ಕಾರಿ ಆಸ್ಪತ್ರೆಯ ನರ್ಸಮ್ಮನೊಬ್ಬರು ಬಂದು ಒಂದು ತಾಸು ತೋರಿಸಿದರೂ ಸಾಕು. ಕಲಿಯುವಾಗ ಒಬ್ಬರ ಹೊಟ್ಟೆ ಒಬ್ಬರು ನಿಜವಾಗಿ ಒತ್ತಬೇಡಿ, ಕೈ ಇಡೋ ಜಾಗ ತಿಳಿದುಕೊಳ್ಳಿ. ಪ್ರಜ್ಞೆ ತಪ್ಪಿದರೆ ನೆಲಕ್ಕೆ ಮಲಗಿಸಿ, 108ಕ್ಕೆ ಫೋನ್ ಹಚ್ಚಿಸಿ, ಎದೆ ಒತ್ತಲು ಶುರುಮಾಡಿ. ಹೊಟ್ಟೆ ಒತ್ತಿಸಿಕೊಂಡು ಉಳಿದವರನ್ನೂ ಅವತ್ತೇ ಡಾಕ್ಟರಿಗೆ ತೋರಿಸಿ, ಒಳಗೆ ಪೆಟ್ಟಾಗಿರಬಹುದು.