ಮೊಳೆ ತಾನಾಗೇ ಎದ್ದಿತ್ತು

ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಕುರ್ಚಿಯಿಂದ ಎದ್ದೆ ನೋಡಿ, ಹಿಂದಿನಿಂದ ಪರ್ರ್ ಅಂತ ಸದ್ದು. ಬಗ್ಗಿ ನೋಡಿದರೆ ಕುರ್ಚಿಯ ಅಂಚಿನಲ್ಲಿ ಒಂದು ಮೊಳೆ ಕಾಳಿನಷ್ಟು ತಲೆ ಎತ್ತಿ ನಿಂತಿದೆ. ಅದರ ಕುತ್ತಿಗೆಗೆ ನನ್ನ ಪ್ಯಾಂಟಿನ ನೀಲಿ ದಾರ.

"ಮೊಳೆ ಎದ್ದಿದೆ ಅಂತ ಮೊನ್ನೆನೇ ಹೇಳಿದ್ನಲ್ಲ ರೀ" ಅಂದಳು ಹೆಂಡತಿ.

ಮೇಲಧಿಕಾರಿಗೆ ಸುಮ್ನೆ 'ಲೇಟಾಗುತ್ತೆ ಸಾರ್' ಅಂತ ಮೆಸೇಜ್ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಕಾರಣ ಕೊಡುವ ಚಟ, ಅದೂ ಇಂಗ್ಲಿಷಿನಲ್ಲಿ. ಮೊಳೆ 'ಪ್ರೊಟ್ರೂಡ್' ಆಗಿತ್ತು, ಅಂದರೆ ಹೊರಚಾಚಿತ್ತು ಅಂತ ಬರೆಯಲು ಹೋಗಿ 'ಇಂಟ್ರೂಡ್' ಆಗಿದೆ ಅಂತ ಬರೆದುಬಿಟ್ಟೆ. ಎರಡೇ ನಿಮಿಷಕ್ಕೆ ಫೋನ್ ಬಂತು. "ಏನ್ರೀ, ಮೊಳೆ ನುಗ್ಗಿದೆಯಾ? ಎಷ್ಟು ಒಳಗೆ? ಇಂಜೆಕ್ಷನ್ ತಗೊಂಡ್ರಾ?" ಕೂರುವ ಜಾಗದ ಬಗ್ಗೆ ಮೇಲಧಿಕಾರಿಗೆ ವಿವರಣೆ ಕೊಡುವ ಕಷ್ಟ ಶತ್ರುವಿಗೂ ಬೇಡ.

ಅವಮಾನ ತಡೆಯದೆ ನಿಘಂಟು ತೆಗೆದೆ. ನೋಡಿದರೆ ಎರಡೂ ಒಂದೇ ತಾಯಿಯ ಮಕ್ಕಳು! ಲ್ಯಾಟಿನ್ನಿನಲ್ಲಿ 'ತ್ರೂದೆರೆ' ಅಂದರೆ ನೂಕುವುದು. ಮುಂದಕ್ಕೆ ನೂಕಿದರೆ ಪ್ರೊಟ್ರೂಡ್, ಒಳಕ್ಕೆ ನೂಕಿದರೆ ಇಂಟ್ರೂಡ್, ಸಣ್ಣ ತೂತಿನಿಂದ ಹೊರಕ್ಕೆ ನೂಕಿದರೆ ಎಕ್ಸ್‌ಟ್ರೂಡ್. ತಲೆಗೆ ಹತ್ತದ ವಿಷಯಕ್ಕೆ ಹೇಳುವ 'ಆಬ್‌ಸ್ಟ್ರೂಸ್' ಕೂಡ ಇದೇ ಮನೆಯದು, ದೂರ ನೂಕಿ ಮುಚ್ಚಿಟ್ಟದ್ದು ಅಂತ. (ನನ್ನ ಮೆಸೇಜು ಆ ಜಾತಿಗೆ ಸೇರಿದ್ದು.)

17ನೇ ಶತಮಾನದಲ್ಲಿ ಪ್ರೊಟ್ರೂಡ್ ಇಂಗ್ಲಿಷಿಗೆ ಬಂದಾಗ, ಒಂದು ವಸ್ತುವನ್ನು ಮುಂದಕ್ಕೆ ತಳ್ಳುವುದು ಅನ್ನುವ ಅರ್ಥವೂ ಅದಕ್ಕಿತ್ತು. ಈಗ ಬಹುತೇಕ ಉಳಿದಿರುವುದು ಹೊರಚಾಚುವುದು ಅಷ್ಟೇ. ಚಾಚಿದ್ದು ಕಾಣುತ್ತೆ, ತಳ್ಳಿದವನು ನಾಪತ್ತೆ. ನಮ್ಮ ಕನ್ನಡವಂತೂ ಇದರಲ್ಲಿ ಇನ್ನೂ ಧಾರಾಳ. ಮೊಳೆ ಎದ್ದಿದೆ, ಕಂಬಿ ಚಾಚಿಕೊಂಡಿದೆ, ಗೋಡೆ ಉಬ್ಬಿಕೊಂಡಿದೆ ಅಂತೀವಿ. ಆ ಒಂದು 'ಕೊಂಡಿದೆ' ಸೇರಿಸಿದರೆ ಸಾಕು, ಎಲ್ಲ ತಪ್ಪೂ ಕಂಬಿಯದೇ, ಗೋಡೆಯದೇ.

ನಾನೂ ಅದನ್ನೇ ಹಿಡಿದುಕೊಂಡೆ. "ನೋಡು, ಮೊಳೆ ತಾನಾಗೇ ಎದ್ದಿದೆ, ಯಾರೇನು ಮಾಡೋಕಾಗುತ್ತೆ?"

"ಎದ್ದಿಲ್ಲ, ಅದು ಪೂರ್ತಿ ಕೂತೇ ಇರಲಿಲ್ಲ. ಸುತ್ತಿಗೆ ಸಿಗಲಿಲ್ಲ ಅಂತ ಸ್ಪ್ಯಾನರಿನಲ್ಲಿ ನಾಲ್ಕು ಏಟು ಹಾಕಿ, ಫೋನ್ ಬಂತು ಅಂತ ಎದ್ದು ಹೋದೋರು ಯಾರು?"

ಹೌದು, ನಾನೇ. ಬಾಯಿ ಮುಚ್ಚಿಕೊಂಡು ಬೀರುವಿನಿಂದ ಹಳೆಯ ಪ್ಯಾಂಟು ತೆಗೆದೆ. ಕಾಲು ತೂರಿತು, ಸೊಂಟದವರೆಗೂ ಬಂತು, ಗುಂಡಿ ಮಾತ್ರ ಕಾಜಾದಿಂದ ನಾಲ್ಕು ಬೆರಳು ದೂರದಲ್ಲೇ ನಿಂತಿತು. ಉಸಿರು ಎಳೆದೆ. ಇನ್ನೂ ಎಳೆದೆ.

"ಹೊಟ್ಟೆ ಮುಂದೆ ಬಂದಿದೆ ರೀ" ಅಂದಳು.

"ಅದು ತಾನಾಗೇ ಬಂದಿದೆ" ಅಂದೆ.